ಹಂಚಿನ ಮಾಡಿಗೆ ಐದು ಇಟ್ಟಿಗೆಯ ಎತ್ತರ

ಕುಂದಾಪುರದ ಸಮೀಪದ ನಮ್ಮ ಹಳೆಯ ಮನೆಯನ್ನು ಕೆಡವುವುದೆಂದು ತೀರ್ಮಾನವಾದ ವರ್ಷ, ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತಳ ತೂತಾದ ಹಂಡೆ, ಗೆದ್ದಲು ಹಿಡಿದ ಪಂಚಾಂಗಗಳ ಕಟ್ಟು, ಕೈಮುರಿದ ಒಂದು ತೊಟ್ಟಿಲು, ಇವುಗಳ ಹಿಂದೆ ತಗಡಿನ ಬಿಸ್ಕತ್ತಿನ ಡಬ್ಬವೊಂದು ಕುಳಿತಿತ್ತು. ಅದನ್ನು ಎತ್ತಿದ ಕೂಡಲೇ ಒಳಗಿನಿಂದ ಬಂದ ಸದ್ದಿನಿಂದಲೇ, ಮುಚ್ಚಳ ತೆಗೆಯುವ ಮೊದಲೇ, ಅದರಲ್ಲಿ ಏನಿದೆಯೆಂದು ನನಗೆ ಗೊತ್ತಾಗಿ ಹೋಯಿತು. 1986ರ ಬೇಸಗೆಯಲ್ಲಿ ಕುವೈತಿನಿಂದ ರಜೆಗೆ ಬಂದ ಮಾವ ನನಗೂ ತಮ್ಮನಿಗೂ ಸೇರಿಸಿ ಕೊಟ್ಟಿದ್ದ ಲೆಗೊ ಇಟ್ಟಿಗೆಗಳು ಅವು, ಒಂದರ ಮೇಲೊಂದು ಒತ್ತಿ ಜೋಡಿಸಿ ಆಡುವ ಪ್ಲಾಸ್ಟಿಕ್ ತುಂಡುಗಳು. ಹನ್ನೆರಡು ಹದಿಮೂರರ ವಯಸ್ಸಿಗೆ ನಾನು ಅವನ್ನು ಬಿಟ್ಟವಳು, ಮೂವತ್ತು ವರ್ಷ ಅವುಗಳ ಯೋಚನೆಯನ್ನೂ ಮಾಡಿರಲಿಲ್ಲ. ಈ ಹವ್ಯಾಸದ ದೊಡ್ಡವರು ಇಂತಹ ನಡುಗಾಲವನ್ನು ‘ಡಾರ್ಕ್ ಏಜಸ್’ ಎಂದು ಕರೆಯುತ್ತಾರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಓದು, ಕೆಲಸ, ಮದುವೆ, ಎರಡು ವರ್ಗಾವಣೆಗಳಿದ್ದ ಆ ಮೂವತ್ತು ವರ್ಷಗಳಲ್ಲಿ ಕತ್ತಲೆಯೇನೂ ಇರಲಿಲ್ಲ.

ಡಬ್ಬವನ್ನು ಮೈಸೂರಿಗೆ ತಂದು, ಇಟ್ಟಿಗೆಗಳನ್ನೆಲ್ಲ ಬಕೆಟ್ಟಿನ ಉಗುರುಬೆಚ್ಚಗಿನ ಸೋಪು ನೀರಿಗೆ ಹಾಕಿ ತೊಳೆದೆ. ನೀರು 40 ಡಿಗ್ರಿಗಿಂತ ಬಿಸಿಯಾಗಿರಬಾರದು, ಒಣಗಿಸುವುದು ನೆರಳಿನಲ್ಲಿ. ಕೆಂಪು ಮತ್ತು ಹಳದಿ ಇಟ್ಟಿಗೆಗಳು ಹೊಸದರಂತೆ ಹೊಳೆದವು, ಬಿಳಿಯವು ಮಾತ್ರ ಹಳೆಯ ದಂತದ ಬಣ್ಣಕ್ಕೆ ತಿರುಗಿದ್ದವು. ಟವೆಲ್ಲಿನ ಮೇಲೆ ಒಂದೊಂದನ್ನೇ ಮಗುಚಿ ಹಾಕುವಾಗ, ತೆಳ್ಳಗಿನ ತುಂಡುಗಳ ಅಂಚಿನಲ್ಲೆಲ್ಲ ಸಣ್ಣ ಸಣ್ಣ ಗುಳಿಗಳಿರುವುದು ಕಂಡಿತು. ಬೆಳಕಿಗೆ ಹಿಡಿದು ನೋಡಿದರೆ ಅವು ಹಲ್ಲಿನ ಗುರುತುಗಳು. ಒಂದಕ್ಕೊಂದು ಬಿಗಿದು ಕುಳಿತ ತುಂಡುಗಳನ್ನು ಬಿಡಿಸಲು ಆಗ ನಮಗಿದ್ದ ಸಾಧನ ಹಲ್ಲೊಂದೇ. ಈಗ ಅದಕ್ಕೆಂದೇ ಕಿತ್ತಳೆ ಬಣ್ಣದ ಪುಟ್ಟ ಸನ್ನೆಗೋಲು ಪೆಟ್ಟಿಗೆಯ ಜೊತೆಗೇ ಬರುತ್ತದೆ. ಗುಳಿಗಳಲ್ಲಿ ಕೆಲವು ನನ್ನವು, ಹೆಚ್ಚಿನವು ತಮ್ಮನವು. ಅವನ ಮುಂದಿನ ಹಲ್ಲುಗಳ ನಡುವೆ ಆಗ ಸಂದಿತ್ತು, ಅದು ಆ ಪ್ಲಾಸ್ಟಿಕ್ಕಿನಲ್ಲಿ ಹಾಗೆಯೇ ಉಳಿದಿದೆ.

ಅದೇ ತಿಂಗಳು ಒಂದು ಹೊಸ ಸೆಟ್ ಕೊಂಡೆ. 2021ರಲ್ಲಿ ಬಿಡುಗಡೆಯಾದ ಬೊನ್ಸಾಯ್ ಮರ, 878 ತುಂಡುಗಳು. ಹಸಿರು ಎಲೆಗಳ ಕಿರೀಟವನ್ನು ತೆಗೆದು ಅದರ ಜಾಗದಲ್ಲಿ ಗುಲಾಬಿ ಹೂಗಳ ಕಿರೀಟವನ್ನು ಕೂರಿಸುವಂತೆ ಅದನ್ನು ರೂಪಿಸಿದ್ದಾರೆ. ಹತ್ತಿರದಿಂದ ನೋಡಿದರೆ ಆ ಹೂಗಳು ಗುಲಾಬಿ ಬಣ್ಣದ ಪುಟ್ಟ ಕಪ್ಪೆಗಳು! ಬೇರೆ ಯಾವುದೋ ಸೆಟ್ಟಿಗೆ ಮಾಡಿದ ಕಪ್ಪೆಯ ಅಚ್ಚಿಗೆ ಬಣ್ಣ ಬದಲಿಸಿ ಕೊಂಬೆಯ ಮೇಲೆ ಕೂರಿಸಿದವರ ತುಂಟತನವನ್ನು ನಾನು ಬಹಳ ಮೆಚ್ಚಿದೆ. ಕುಂಡದಲ್ಲಿರುವ ಮಣ್ಣು ಎಂದರೆ ಎಲ್ಲಿಗೂ ಅಂಟಿಸದೆ ಸುಮ್ಮನೆ ಸುರಿಯಬೇಕಾದ ದುಂಡು ಚೂರುಗಳು. ಪುಸ್ತಿಕೆ ಹೇಳಿದಂತೆ ಕಟ್ಟುತ್ತ ಹೋದೆ. ಕಾಂಡದ ಅರ್ಧಕ್ಕೆ ಬಂದಾಗ ಒಂದು ಕೊಂಬೆ ಕೂರಬೇಕಾದಲ್ಲಿ ಕೂರಲಿಲ್ಲ. ತುಂಡು ಸರಿಯಿಲ್ಲವೆಂದು ಮೊದಲು ಅನ್ನಿಸಿತು, ಅರ್ಧ ಗಂಟೆ ಪುಟಗಳನ್ನು ಹಿಂದಕ್ಕೆ ತಿರುವಿದ ಮೇಲೆ ನನ್ನದೇ ತಪ್ಪು ಸಿಕ್ಕಿತು. ಬಹಳ ಹಿಂದಿನ ಒಂದು ಹಂತದಲ್ಲಿ ಒಂದು ಕಂದು ತುಂಡನ್ನು ಒಂದೇ ಒಂದು ಬೊಟ್ಟಿನಷ್ಟು ಆಚೆಗೆ ಕೂರಿಸಿದ್ದೆ. ಬೊಟ್ಟು ಎಂದರೆ ಇಟ್ಟಿಗೆಯ ಮೇಲಿನ ಆ ದುಂಡು ಉಬ್ಬು. ಬಲ್ಲವರು ಸ್ಟಡ್ ಎನ್ನುತ್ತಾರೆ, ನಾವು ಚಿಕ್ಕವರಿದ್ದಾಗ ಬೊಟ್ಟು ಎನ್ನುತ್ತಿದ್ದೆವು, ನನಗೆ ಈಗಲೂ ಬಾಯಿಗೆ ಬರುವುದು ಅದೇ.

ಈ ಒಂದು ಬೊಟ್ಟಿನ ತಪ್ಪು ನನ್ನನ್ನು ಯೋಚನೆಗೆ ಹಚ್ಚಿತು. ಚಿಕ್ಕಂದಿನಲ್ಲಿ ನಾನು ಹೀಗೆ ತಪ್ಪು ಮಾಡಿದ್ದೇ ಇಲ್ಲ, ಏಕೆಂದರೆ ತಪ್ಪಾಗಲು ಅಲ್ಲಿ ಸರಿಯಾದದ್ದು ಎಂಬುದೇ ಇರಲಿಲ್ಲ. ಮಾವ ತಂದ ಪೆಟ್ಟಿಗೆಯಲ್ಲಿದ್ದ ಪುಸ್ತಿಕೆ ಮೊದಲ ಮಳೆಗಾಲದಲ್ಲೇ ಹಾಳಾಗಿ, ಆಮೇಲೆ ನಾವು ಕಟ್ಟಿದ್ದೆಲ್ಲ ನಮಗೆ ತೋಚಿದ್ದು: ಬಸ್ಸು, ಮತ್ತೆ ಇನ್ನೊಂದು ಬಸ್ಸು. ದೊಡ್ಡವರಾದ ಮೇಲೆ ಈ ಆಟಕ್ಕೆ ಮರಳುವುದೆಂದರೆ ಬಾಲ್ಯಕ್ಕೆ ಮರಳುವುದು ಎಂದು ಹೇಳುವವರು ಬಹಳ ಜನ. ಈ ಕಂಪನಿಯೇ 2020ರಿಂದ ದೊಡ್ಡವರಿಗೆಂದು ಕಪ್ಪು ಪೆಟ್ಟಿಗೆಯ ಮೇಲೆ 18+ ಎಂದು ಮುದ್ರಿಸಿ, ಮನಸ್ಸಿನ ಬಿಗುವನ್ನು ಕಳೆಯುವ ಸಾಧನವೆಂಬಂತೆ ಅವನ್ನು ಮಾರುತ್ತ ಬಂದಿದೆ. ನನ್ನ ಅನುಭವ ಇವೆರಡಕ್ಕೂ ಹೊಂದುವುದಿಲ್ಲ. ಬ್ಯಾಂಕಿನ ಲೆಕ್ಕಪತ್ರಗಳನ್ನು ತಪಾಸಣೆ ಮಾಡುವ ಕೆಲಸ ನನ್ನದು. ಸಂಜೆ ಮನೆಗೆ ಬಂದು ಮೇಜಿನ ಮುಂದೆ ಕುಳಿತಾಗ ನನ್ನನ್ನು ಹಿಡಿದು ಕೂರಿಸಿದ್ದು ಈ ವಸ್ತುವಿನ ಅಳತೆ. ಏಳು ವರ್ಷದ ಹುಡುಗಿಗೆ ಆ ಅಳತೆಯ ಗಂಧವೂ ಇರಲಿಲ್ಲ.

ಈ ಅಳತೆಗೂ ಒಂದು ಚರಿತ್ರೆಯಿದೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಶ್ ಪದಗಳನ್ನು ಕೂಡಿಸಿ 1934ರಲ್ಲಿ ಲೆಗೊ ಎಂದು ಹೆಸರಿಟ್ಟ. ಪ್ಲಾಸ್ಟಿಕ್ ಇಟ್ಟಿಗೆಗಳು ಬಂದದ್ದು 1949ರಲ್ಲಿ, ಅದೂ ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬಾತ ಅದಕ್ಕೆ ಮೊದಲೇ ಮಾಡಿದ್ದ ಇಟ್ಟಿಗೆಗಳ ಮಾದರಿಯಲ್ಲಿ. ಆ ಇಟ್ಟಿಗೆಗಳ ಒಳಗೆ ಏನೂ ಇರಲಿಲ್ಲ, ಬರಿಯ ಟೊಳ್ಳು. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಹಿಡಿದುಕೊಳ್ಳುತ್ತಿರಲಿಲ್ಲ. ಓಲೆ ಕಿರ್ಕ್‌ನ ಮಗ ಗಾಟ್‌ಫ್ರೆಡ್ ಆ ಟೊಳ್ಳಿನೊಳಗೆ ಕೊಳವೆಗಳನ್ನಿಟ್ಟ. ಕೆಳಗಿನ ಇಟ್ಟಿಗೆಯ ಬೊಟ್ಟು ಮೇಲಿನದರ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಂಡು ಬಿಗಿಯಾಯಿತು. 1958ರ ಜನವರಿ 28ರಂದು ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ ಅದರ ಪೇಟೆಂಟ್ ಅರ್ಜಿ ದಾಖಲಾಯಿತು. ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ಕೂರುತ್ತದೆ ಎಂಬ ಮಾತನ್ನು ನಾನು 1986ರವರೆಗೆ ಮಾತ್ರ ಪರೀಕ್ಷಿಸಬಲ್ಲೆ: ತಮ್ಮನ ಹಲ್ಲಿನ ಗುರುತಿರುವ ಕೆಂಪು ತುಂಡು ಹೊಸ ಬೊನ್ಸಾಯ್‌ನ ಕುಂಡದ ಮೇಲೆ, ಹೊಸದಕ್ಕಿಂತ ಸ್ವಲ್ಪ ಮೃದುವಾಗಿ, ಆದರೂ ಟಿಕ್ ಎಂದು ಕೂತಿತು.

ಇಂತಹ ಆರು ಇಟ್ಟಿಗೆಗಳನ್ನು, ಎಲ್ಲವೂ ಒಂದೇ ಬಣ್ಣದ ಎಂಟು ಬೊಟ್ಟಿನವು, ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಪ್ರಶ್ನೆಗೆ ಕಂಪನಿ ಬಹಳ ಕಾಲ 10,29,81,500 ಎಂದು ಉತ್ತರ ಕೊಡುತ್ತಿತ್ತು. ಸೋರೆನ್ ಐಲರ್ಸ್ ಎಂಬ ಡೇನಿಶ್ ಗಣಿತಜ್ಞ ಲೆಕ್ಕವನ್ನು ಮತ್ತೆ ತೆಗೆದು ನೋಡಿದಾಗ, ಅದು ಆರು ಅಂತಸ್ತಿನ ಗೋಪುರಗಳ ಎಣಿಕೆ ಮಾತ್ರವೆಂದು ಹೊರಬಿತ್ತು; ತಗ್ಗಿನ, ಅಗಲದ ಜೋಡಣೆಗಳನ್ನೂ ಸೇರಿಸಿದರೆ ನಿಜವಾದ ಉತ್ತರ 91,51,03,765. ದಶಕಗಳ ಕಾಲ ಅಚ್ಚಾಗುತ್ತಿದ್ದ ಒಂದು ಅಂಕಿಯನ್ನು ಒಬ್ಬಾತ ಕುಳಿತು ತಾಳೆ ನೋಡಿದನೆಂಬ ಸಂಗತಿ, ನನ್ನ ವೃತ್ತಿಯ ಕಾರಣದಿಂದಲೋ ಏನೋ, ಆ ಅಂಕಿಗಿಂತ ಹೆಚ್ಚು ಖುಷಿ ಕೊಡುತ್ತದೆ.

ಎರಡು ಮೂರು ಸೆಟ್ಟುಗಳನ್ನು ಕಟ್ಟಿ, ಕಪಾಟಿನ ಮೇಲಿಟ್ಟು, ಬಣ್ಣ ಬಳಿಯುವ ಕುಂಚದಿಂದ ಅವುಗಳ ಧೂಳು ಹೊಡೆಯುವ ಕೆಲಸವೂ ಬೇಸರ ಬಂದ ಮೇಲೆ, ನಾನು ಎಲ್ಲವನ್ನೂ ಬಿಚ್ಚಿ ಹಳೆಯ ಡಬ್ಬದ ಇಟ್ಟಿಗೆಗಳೊಂದಿಗೆ ಬೆರೆಸಿದೆ. ಬೆರೆಸಿದ ಮೇಲೆ ವಿಂಗಡಿಸಬೇಕಾಯಿತು. ಹೊಸಬರೆಲ್ಲ ಮಾಡುವಂತೆ ಮೊದಲು ಬಣ್ಣದ ಪ್ರಕಾರ ವಿಂಗಡಿಸಿ ಎರಡು ರಾತ್ರಿ ಹಾಳು ಮಾಡಿಕೊಂಡೆ. ಕಪ್ಪು ತುಂಡುಗಳ ರಾಶಿಯಲ್ಲಿ ಒಂದು ಸಣ್ಣ ಕಪ್ಪು ತುಂಡನ್ನು ಹುಡುಕುವುದು ಕಣ್ಣಿಗೆ ಶಿಕ್ಷೆ. ಒಂದೇ ಆಕಾರದ ತುಂಡುಗಳ ರಾಶಿಯಲ್ಲಿ ಬೇಕಾದ ಬಣ್ಣವಾದರೋ ತಾನೇ ಎದ್ದು ಕಾಣುತ್ತದೆ. ಹಾಗಾಗಿ ಈಗ ನನ್ನದೆಲ್ಲ ಆಕಾರದ ವಿಂಗಡಣೆ, ಅಂಗಡಿಯವರು ಸ್ಕ್ರೂ ಮತ್ತು ಮೊಳೆ ಹಾಕಿಡುವ ಖಾನೆಗಳ ಡಬ್ಬಗಳಲ್ಲಿ. ತೀರ ಸಣ್ಣವುಗಳಿಗೆ ಹಳೆಯ ಒಗ್ಗರಣೆ ಡಬ್ಬವೇ ಆಗಿದೆ. ಸಾಸಿವೆಯ ಬಟ್ಟಲಿನಲ್ಲಿ ಕಪ್ಪೆಗಳಿವೆ.

ಆಮೇಲೆ ನಾನು ಕೆಡವಿದ ಮನೆಯನ್ನು ಕಟ್ಟಲು ಹೊರಟೆ.

ಇಡೀ ಮನೆಯಲ್ಲ, ಚಾವಡಿ, ಅದರ ಹಿಂದಿನ ಅಡುಗೆಮನೆ, ಮೇಲೆ ಹಂಚಿನ ಮಾಡು, ಇಷ್ಟು. ಗೋಡೆಗಳು ಬೇಗ ಎದ್ದವು. ಅಗಲ 16 ಬೊಟ್ಟು, ಉದ್ದ 24. ಬಿಳಿಯ ಗೋಡೆಗೆ ಡಬ್ಬದಲ್ಲಿದ್ದ ಹಳದಿಗಟ್ಟಿದ ಬಿಳಿ ಇಟ್ಟಿಗೆಗಳೇ ಸರಿಹೋದವು, ನಲವತ್ತು ಮಳೆಗಾಲ ಕಂಡ ಸುಣ್ಣದ ಗೋಡೆಯ ಬಣ್ಣ ಅದಕ್ಕಿಂತ ಬೇರೆಯಾಗಿರುವುದಿಲ್ಲ. ತೊಡಕು ಶುರುವಾದದ್ದು ಮಾಡಿನಲ್ಲಿ. ಲೆಗೊದಲ್ಲಿ ಮಾಡಿಗೆಂದೇ ಸ್ಲೋಪ್ ಎಂಬ ಓರೆ ಇಟ್ಟಿಗೆಗಳಿವೆ, ಅವುಗಳಲ್ಲಿ ಎಲ್ಲರ ಬಳಿಯೂ ಇರುವುದು 45 ಡಿಗ್ರಿಯದು. ಅದನ್ನೇ ಹಾಕಿ ಮುಗಿಸಿದೆ. ನಮ್ಮೊಡನೆಯೇ ಇರುವ ಅಮ್ಮ, ಊಟದ ಮೇಜಿನ ಮೂಲೆಯಲ್ಲಿದ್ದ ಅದನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, “ಇದೆಂತ, ಇಗರ್ಜಿ ಕಟ್ಟಿದ್ಯಾ?” ಎಂದು ಕೇಳಿದಳು. ಸರಿಯಾಗಿಯೇ ಕೇಳಿದ್ದಳು, ಅಷ್ಟು ಕಡಿದಾದ ಮಾಡು ನಮ್ಮ ಊರಿನ ಮನೆಗಳಿಗೆ ಇಲ್ಲ.

ಆಗ ನಾನು ಅಳತೆಯನ್ನು ಕೈಗೆತ್ತಿಕೊಂಡೆ. ಒಂದು ಬೊಟ್ಟಿನ ನಡುವಿನಿಂದ ಪಕ್ಕದ ಬೊಟ್ಟಿನ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ, ಬೊಟ್ಟನ್ನು ಬಿಟ್ಟು, 9.6 ಮಿಲಿಮೀಟರ್. ಪ್ಲೇಟ್ ಎಂಬ ತೆಳ್ಳನೆಯ ತುಂಡಿನದು ಅದರ ಮೂರನೆಯ ಒಂದು ಭಾಗ, 3.2. ಎಂದರೆ ಅಡ್ಡಲಾಗಿ ಹೋಗುವ ಲೆಕ್ಕ ಒಂದು, ಮೇಲಕ್ಕೆ ಹೋಗುವ ಲೆಕ್ಕ ಇನ್ನೊಂದು. ಇವೆರಡೂ ಪ್ರತಿ ಹೆಜ್ಜೆಗೂ ಸಂಧಿಸುವುದಿಲ್ಲ, ಕೆಲವು ಗೊತ್ತಾದ ಜಾಗಗಳಲ್ಲಿ ಮಾತ್ರ ಸಂಧಿಸುತ್ತವೆ. ಐದು ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟರೆ 16 ಮಿಲಿಮೀಟರ್, ಅದು ಸರಿಯಾಗಿ ಎರಡು ಬೊಟ್ಟಿನ ಅಗಲ. ಇಟ್ಟಿಗೆಗಳನ್ನು ಪಕ್ಕಕ್ಕೆ ತಿರುಗಿಸಿ, ಬೊಟ್ಟು ಗೋಡೆಯಿಂದ ಹೊರಮುಖವಾಗುವಂತೆ ಕಟ್ಟುವವರ ಜಾಣ್ಮೆಯೆಲ್ಲ ಈ ಐದಕ್ಕೆ ಎರಡರ ಲೆಕ್ಕದ ಮೇಲೆ ನಿಂತಿದೆ.

ನನಗೆ ಬೇಕಾದದ್ದು ಓರೆಯಾಗಿ ನಿಲ್ಲುವ ಹಲಗೆ. ಗೋಡೆಯ ತುದಿಯಲ್ಲೂ ಮಾಡಿನ ನೆತ್ತಿಯಲ್ಲೂ ಕೀಲಿನ ತುಂಡುಗಳನ್ನಿಟ್ಟು ಹಲಗೆಯನ್ನು ಒರಗಿಸಬಹುದು, ಆದರೆ ಹಲಗೆಯ ಉದ್ದವೂ ಬೊಟ್ಟಿನ ಲೆಕ್ಕಕ್ಕೆ ಬಂದರೆ ಮಾತ್ರ ಎರಡೂ ಕಡೆ ಕೂರುತ್ತದೆ. ಹೈಸ್ಕೂಲಿನ ಪೈಥಾಗರಸ್ ಪ್ರಮೇಯ ನೆನಪಾಯಿತು: ಮೂರು, ನಾಲ್ಕು, ಐದು. ಮೊದಲು ಸಣ್ಣದಾಗಿ ಮಾಡಿ ನೋಡೋಣವೆಂದು, ಪಾಯದ ಅರ್ಧ ಅಗಲ ನಾಲ್ಕು ಬೊಟ್ಟು, ನೆತ್ತಿಯ ಎತ್ತರ ಮೂರು ಬೊಟ್ಟು, ಹಲಗೆ ಐದು ಬೊಟ್ಟು ಎಂದು ಹಿಡಿದೆ. ಹಲಗೆ ಕೂರಲಿಲ್ಲ. ಒತ್ತಿದರೆ ಗೋಡೆ ಹೊರಕ್ಕೆ ಬಾಗುತ್ತಿತ್ತು, ಬಿಟ್ಟರೆ ನೆತ್ತಿ ಮೇಲೇಳುತ್ತಿತ್ತು. ಮೂರು ಬೊಟ್ಟು ಎಂದರೆ 24 ಮಿಲಿಮೀಟರ್. ಎತ್ತರವನ್ನು ಬೊಟ್ಟಿನಿಂದ ಕಟ್ಟಲಾಗದು, ಇಟ್ಟಿಗೆಯಿಂದ ಕಟ್ಟಬೇಕು. 24 ಮಿಲಿಮೀಟರಿಗೆ ಎರಡೂವರೆ ಇಟ್ಟಿಗೆ, ಅಥವಾ ಏಳೂವರೆ ಪ್ಲೇಟು. ಆ ಅರ್ಧ ಪ್ಲೇಟನ್ನು ನಾನು ಎಲ್ಲಿಂದ ತರಲಿ? ಎರಡು ಸಂಜೆ ಅದರ ಜೊತೆ ಗುದ್ದಾಡಿ, ಮೂರನೆಯ ದಿನ ಬ್ಯಾಂಕಿನಲ್ಲಿ ಯಾವುದೋ ಬಡ್ಡಿಯ ತಾಳೆ ನೋಡುತ್ತಿದ್ದಾಗ ಉತ್ತರ ಹೊಳೆಯಿತು. ಎಲ್ಲವನ್ನೂ ದುಪ್ಪಟ್ಟು ಮಾಡಬೇಕು. ಆರು, ಎಂಟು, ಹತ್ತು. ಆರು ಬೊಟ್ಟು ಎಂದರೆ 48 ಮಿಲಿಮೀಟರ್, ಅದು ಸರಿಯಾಗಿ ಐದು ಇಟ್ಟಿಗೆಯ ಎತ್ತರ. ಅರ್ಧ ಅಗಲ ಎಂಟು ಬೊಟ್ಟು, ನನ್ನ ಮನೆಯ ಅಗಲವಾದರೋ ಮೊದಲೇ ಹದಿನಾರು! ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಐದು ಇಟ್ಟಿಗೆಗಳನ್ನು ಪೇರಿಸಿ ಹಲಗೆಯನ್ನು ಒರಗಿಸಿದೆ. ಕೀಲುಗಳು ತಮ್ಮ ಪಾಲಿನ ಜಾಗವನ್ನು ತಿನ್ನುವುದರಿಂದ ಅವನ್ನು ಅರ್ಧ ಬೊಟ್ಟು ಒಳಕ್ಕೆ ಸರಿಸಬೇಕಾಯಿತು. ಸರಿಸಿದ ಮೇಲೆ ಎರಡೂ ತುದಿಗಳು ಒಟ್ಟಿಗೆ ಕೂತವು. ಸುಮಾರು 37 ಡಿಗ್ರಿಯ ಓರೆ. ಅಮ್ಮ ಈ ಸಲ ಏನೂ ಅನ್ನಲಿಲ್ಲ, ಅದನ್ನು ಒಪ್ಪಿಗೆಯೆಂದು ತೆಗೆದುಕೊಂಡೆ.

ಹತ್ತರ ಹಲಗೆ ಗೋಡೆಯವರೆಗೆ ಮಾತ್ರ ಬರುತ್ತದೆ. ಗೋಡೆಯ ಆಚೆಗೆ ಸೂರು ಚಾಚದ ಮನೆ ಕರಾವಳಿಯಲ್ಲಿ ಒಂದು ಜುಲೈಯನ್ನೂ ದಾಟುವುದಿಲ್ಲವಾದ್ದರಿಂದ, ಆರಕ್ಕೆ ಹನ್ನೆರಡು ಬೊಟ್ಟಿನ ಪ್ಲೇಟುಗಳನ್ನು ಪಕ್ಕಕ್ಕೆ ನಾಲ್ಕರಂತೆ ಹಾಕಿ, ಎರಡು ಬೊಟ್ಟನ್ನು ಸೂರಿಗೆ ಬಿಟ್ಟೆ. ಅದರ ಮೇಲೆ ಹಂಚು. ಬೊಟ್ಟಿಲ್ಲದ ನುಣುಪು ತುಂಡಿಗೆ ಈ ಹವ್ಯಾಸದವರು ಇಟ್ಟಿರುವ ಹೆಸರೇ ಟೈಲ್, ಎಂದರೆ ಹಂಚು. ಹೀಗೆ ಹೆಸರೂ ಕೆಲಸವೂ ಒಂದೇ ಆಗುವುದು ಅಪರೂಪ. ಒಂದಕ್ಕೆ ಎರಡು ಬೊಟ್ಟಿನ, ಕಂದು ಬೆರೆತ ಕಿತ್ತಳೆ ಬಣ್ಣದ ಟೈಲುಗಳು ಪಕ್ಕಕ್ಕೆ 144ರಂತೆ 288 ಬೇಕಾದವು.

ಹಂಚಿನ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ ಆ ಕೆಂಪು ಹಂಚು ಗಾರೆಯಿಲ್ಲದೆ ನಿಲ್ಲುತ್ತದೆ. ಅಂಚಿನಲ್ಲಿ ಏಣು ಮತ್ತು ಕಾಲುವೆಗಳಿದ್ದು ಒಂದರ ಏಣು ಇನ್ನೊಂದರ ಕಾಲುವೆಯನ್ನು ಕಚ್ಚಿಕೊಳ್ಳುತ್ತದೆ, ಕೆಳಗಿನ ಉಬ್ಬು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಒಳಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಧ್ಯಾಹ್ನ ಚಾವಡಿಯಲ್ಲಿ ಅಂಗಾತ ಮಲಗಿ ಆ ಹೆಸರುಗಳನ್ನು ಓದುತ್ತಿದ್ದ ನಾವು, ನಮ್ಮ ಕೈಯಲ್ಲಿದ್ದ ಇಟ್ಟಿಗೆಯ ಪ್ರತಿ ಬೊಟ್ಟಿನ ಮೇಲೂ ಲೆಗೊ ಎಂದು ಅಚ್ಚಾಗಿರುವುದನ್ನೂ ಅದೇ ಕಾಲದಲ್ಲಿ ಓದಿದ್ದೆವು. ಎರಡನ್ನೂ ಒಟ್ಟಿಗೆ ನೋಡಲು ನನಗೆ ನಲವತ್ತು ದಾಟಬೇಕಾಯಿತು.

ಆ 288 ಟೈಲುಗಳನ್ನು ಹೊಂದಿಸಿದ್ದು ಬೇರೆಯೇ ಪಾಡು. ಬಿಡಿ ತುಂಡುಗಳನ್ನು ಜಗತ್ತಿನ ಮೂಲೆಮೂಲೆಯ ಮಾರಾಟಗಾರರಿಂದ ಕೊಳ್ಳಲು ಬ್ರಿಕ್‌ಲಿಂಕ್ ಎಂಬ ಮಾರುಕಟ್ಟೆಯಿದೆ. 2000ದಲ್ಲಿ ಅಭಿಮಾನಿಯೊಬ್ಬ ಶುರುಮಾಡಿದ ಅದನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡಿತು. ತುಂಡಿನ ಬೆಲೆ ಕೆಲವೇ ರೂಪಾಯಿ, ಅಂಚೆಯ ಖರ್ಚು ಸಾವಿರಗಳಲ್ಲಿ, ಅದರ ಮೇಲೆ ಸುಂಕ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ನಮ್ಮ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತೂ ಕಡ್ಡಾಯವಾಯಿತು. ದೇಶದ ಆಟಿಕೆ ತಯಾರಕರಿಗೆ ಇದರಿಂದ ನೆರವಾಗಿರಬೇಕು, ನನ್ನ ಹಂಚಿಗೆ ಆಗಲಿಲ್ಲ. ಕೊನೆಗೆ ಅರ್ಧದಷ್ಟನ್ನು ವಿದೇಶದಲ್ಲಿದ್ದ ತಮ್ಮ ರಜೆಗೆ ಬರುವಾಗ ತಂದ. ಉಳಿದದ್ದಕ್ಕೆ ಬೇರೆ ತಯಾರಕರ ತುಂಡುಗಳನ್ನೇ ಕೊಂಡೆ. ಅದು ಕಳ್ಳಮಾಲಲ್ಲ. ಇಟ್ಟಿಗೆಯ ಪೇಟೆಂಟಿನ ಅವಧಿ ಮುಗಿದು ಬಹಳ ಕಾಲವಾಯಿತು. ಬೊಟ್ಟಿನ ಆಕಾರವನ್ನೇ ತನ್ನ ಗುರುತೆಂದು ಕಾಯ್ದುಕೊಳ್ಳಲು ಲೆಗೊ ಹೂಡಿದ ವಾದವನ್ನು ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿದವು. ಕೆಲಸ ಮಾಡುವ ಆಕಾರವನ್ನು ಒಬ್ಬರ ಗುರುತಾಗಿಸಲಾಗದು ಎಂಬುದು ಅದರ ತಿರುಳು. ಬೇರೆ ಕಂಪನಿಯ ತುಂಡನ್ನು ಮನೆಗೆ ಸೇರಿಸದ ಮಡಿವಂತರು ಈ ಹವ್ಯಾಸದಲ್ಲಿ ಬಹಳ ಇದ್ದಾರೆ. ನನಗೆ ಆ ಮಡಿಯಿಲ್ಲ, ಆದರೆ ನಾನು ಕೊಂಡ ಅಗ್ಗದ ಟೈಲುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಿಡಿತವಿಲ್ಲದೆ ಜಾರಿ ಬಿದ್ದವೆಂಬುದನ್ನು, ತಯಾರಕರ ಹೆಸರು ಹೇಳದೆ, ಒಪ್ಪಿಕೊಳ್ಳುತ್ತೇನೆ. ಅವನ್ನು ಹಿತ್ತಿಲ ಬದಿಯ ಮಾಡಿಗೆ ಹಾಕಿದ್ದೇನೆ.

ಎಲ್ಲ ಹಂಚು ಹೊದಿಸಿ ಮುಗಿಸುವಾಗ ಒಂದು ಟೈಲನ್ನು ಮಾತ್ರ ಬೇರೆ ಹಾಕಿದ್ದೆ: ಪಾರದರ್ಶಕವಾದದ್ದು, ಗಾಜಿನ ಹಂಚಿಗೆ. ಅದರ ಕೆಳಗೆ ಬೆಳಕು ಇಳಿಯಬೇಕಾದರೆ ಪ್ಲೇಟಿನಲ್ಲೂ ತೂತು ಇರಬೇಕು. ಅದಕ್ಕಾಗಿ ಒಂದು ದೊಡ್ಡ ಪ್ಲೇಟಿನ ಬದಲು ಹಲವು ಸಣ್ಣ ಪ್ಲೇಟುಗಳನ್ನು ನಡುವೆ ಎರಡು ಬೊಟ್ಟಿನ ಜಾಗ ಉಳಿಯುವಂತೆ ಹೆಣೆದು, ಸಡಿಲಾಗದ ಹಾಗೆ ಅಡಿಯಿಂದ ಬಂಧ ಹಾಕಿದ್ದೆ. ರಾತ್ರಿ ದೀಪ ಆರಿಸಿ ಮೇಲಿನಿಂದ ಟಾರ್ಚ್ ಬಿಟ್ಟರೆ ಚಾವಡಿಯ ನೆಲದ ಮೇಲೆ ಬೆರಳ ತುದಿಯಷ್ಟಗಲದ ಬೆಳಕಿನ ಚೌಕ ಬೀಳುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ. ಅವಳು ಬಾಗಿ, ಬಾಗಿಲಿನಿಂದ ಒಳಗೆ ಇಣುಕಿ, ಆಮೇಲೆ ಬೆರಳಿನಿಂದ ಮಾಡಿನ ಆ ಜಾಗವನ್ನು ಮುಟ್ಟಿದಳು.

“ಗಾಜಿನ ಹಂಚು ಇಲ್ಲಲ್ಲ ಮಗಾ. ಅಡುಗೆಮನೆ ಮೇಲೆ ಇದ್ದದ್ದು, ಒಲೆಗಿಂತ ಸ್ವಲ್ಪ ಈಚೆಗೆ. ನಿಂಗ್ ನೆನಪಿಲ್ಯಾ? ಅದರ ಬೆಳಕು ಒರಳಿನ ಕಲ್ಲಿಗೆ ಬಂತು ಅಂದ್ರೆ ಹನ್ನೊಂದು ಗಂಟೆ, ನಾ ಅಕ್ಕಿ ತೊಳೂಕೆ ಏಳುದು.”

ನನಗೆ ನೆನಪಿರಲಿಲ್ಲ. ಚಾವಡಿಯಲ್ಲಿ ಅಂಗಾತ ಮಲಗಿ ಹಂಚಿನ ಹೆಸರು ಓದಿದ ನೆನಪಿಗೆ ಬೆಳಕು ಬೇಕಾಗಿ, ನಾನೇ ಗಾಜಿನ ಹಂಚನ್ನು ಅಲ್ಲಿಗೆ ತಂದಿಟ್ಟುಕೊಂಡಿದ್ದೆನೋ ಏನೋ. ಭಾನುವಾರ ಸನ್ನೆಗೋಲು ಹಿಡಿದು ಕುಳಿತು, ಪೂರ್ವದ ಪಕ್ಕದ ಹಂಚನ್ನೆಲ್ಲ ತೆಗೆದೆ. ಹೆಣೆದ ಪ್ಲೇಟುಗಳು ಚಾವಡಿಯ ಮೇಲಿನಿಂದ ಅಡುಗೆಮನೆಯ ಮೇಲಕ್ಕೆ ಬರಬೇಕು, ದೊಡ್ಡ ಪ್ಲೇಟು ಅವುಗಳ ಜಾಗಕ್ಕೆ ಹೋಗಬೇಕು. ಒರಳಿನ ಕಲ್ಲನ್ನು ನಾನು ಮಾಡಿಯೇ ಇರಲಿಲ್ಲ. ಬೂದು ಬಣ್ಣದ ದುಂಡು ತುಂಡೊಂದು ಒಗ್ಗರಣೆ ಡಬ್ಬದಲ್ಲಿತ್ತು, ಅದು ಎಲ್ಲಿ ಕೂರಬೇಕೆಂದು ಅಮ್ಮನನ್ನು ಕೇಳಿದೆ.